ಲೆಕ್ಕಕ್ಕೆ ಸಿಗದ ಗಾಳಿ

ತಮ್ಮಾ,

ಮೊನ್ನೆ ರಾತ್ರಿ ದೇವದುರ್ಗದಿಂದ ನಿನ್ನ ಫೋನ್ ಬಂದಾಗ ನಾನು ಊಟಕ್ಕೆ ಕೂತಿದ್ದೆ. "ಮಾಮಾ, ಗಾಡಿ ಸ್ಲೋದಾಗ ನಿಲ್ಲವಲ್ದು. ಬಿಸಿ ಆದ ಮ್ಯಾಲೂ 1,300 ಆರ್‌ಪಿಎಂ ಮ್ಯಾಲೇ ಓಡ್ತದ. ಸ್ಕ್ಯಾನರ್ ಹಾಕಿ ನೋಡೀನಿ, ಟ್ರಿಮ್ ಸೊನ್ನಿ ಹತ್ರಾನೇ ಅದ. ಅಂದಮ್ಯಾಲೆ ಏರ್ ಎಳಿಯವಲ್ದು. ಥ್ರಾಟಲ್ ಬಾಡಿನೇ ಹೋಗಿರಬೇಕು, ಹೊಸದು ತರಿಸ್ಲೇನು?" ಎಂದು ಒಂದೇ ಉಸಿರಿಗೆ ಕೇಳಿದೆ. "ತಡಿಯಪಾ, ಎರಡು ದಿನ ತಡಿ" ಎಂದು ಹೇಳಿ ಫೋನ್ ಇಟ್ಟೆ. ಈ ಮಾತು ಫೋನಿನಲ್ಲಿ ಮುಗಿಯುವುದಲ್ಲ. ಕೂತು ಬರೆಯುತ್ತಿದ್ದೇನೆ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿಕೋ.

ನಿನ್ನ ಮಾತಿನಲ್ಲಿ ನನಗೆ ಚುಚ್ಚಿದ್ದು ಆ 'ಅಂದಮ್ಯಾಲೆ'. ಟ್ರಿಮ್ ಸೊನ್ನೆಯ ಹತ್ತಿರ ಇದೆ ಎಂಬುದು ನೀನು ಕಣ್ಣಾರೆ ಕಂಡ ಅಂಕಿ. ಗಾಳಿ ಸೋರುತ್ತಿಲ್ಲ ಎಂಬುದು ನಿನ್ನ ಊಹೆ. ಎರಡರ ನಡುವೆ ಒಂದು 'ಅಂದಮೇಲೆ' ಇಟ್ಟು ದಾಟಿಬಿಟ್ಟೆ. ಗ್ಯಾರೇಜಿನಲ್ಲಿ ಗಿರಾಕಿಯ ದುಡ್ಡು ಹಾಳಾಗುವುದು ಸಾಮಾನ್ಯವಾಗಿ ಇದೇ ಜಾಗದಲ್ಲಿ. ನಾನೂ ಹಾಳುಮಾಡಿದ್ದೇನೆ. ಆ ಕತೆಗೆ ಆಮೇಲೆ ಬರುತ್ತೇನೆ.

ನಾನು ಈ ಕೆಲಸಕ್ಕೆ ಬಂದಾಗ ನನಗೆ ಹದಿನಾರು. ರಾಯಚೂರಿನ ಸ್ಟೇಷನ್ ರಸ್ತೆಯ ಹಿಂದೆ ಒಬ್ಬ ಉಸ್ತಾದರ ಕೈಕೆಳಗೆ ಪಾನಾ ತೊಳೆಯುತ್ತಿದ್ದೆ. ಅಂಬಾಸಿಡರ್, ಫಿಯಟ್ ಬಿಟ್ಟರೆ ಜೀಪು, ಅಷ್ಟೇ. ಅವತ್ತೂ ಈ ರೋಗ ಇತ್ತು. ಕಾರ್ಬೊರೇಟರ್ ಕೆಳಗಿನ ಪ್ಯಾಕಿಂಗ್ ಸೀಳಿದರೆ ಎಂಜಿನ್ ಸ್ಲೋದಲ್ಲಿ, ಅಂದರೆ ರೇಸ್ ಕೊಡದೆ ನಿಂತಲ್ಲೇ ಓಡುವಾಗ, ಎಗರುತ್ತಿತ್ತು, ರೇಸ್ ಕೊಟ್ಟರೆ ಸುಮ್ಮನಾಗುತ್ತಿತ್ತು. ಉಸ್ತಾದರು ಕಿವಿ ಹತ್ತಿರ ತಂದು "ಏರ್ ಎಳೀತದ" ಎನ್ನುತ್ತಿದ್ದರು. ಒದ್ದೆ ಬಟ್ಟೆಯನ್ನು ಆ ಸಂದಿಗೆ ಒತ್ತಿದರೆ ಎಂಜಿನ್ ಒಮ್ಮೆಲೇ ಸಮಾಧಾನಕ್ಕೆ ಬರುತ್ತಿತ್ತು. ರೋಗ ತಾನೇ ಕೂಗಿ ಹೇಳುತ್ತಿದ್ದ ಕಾಲ ಅದು.

ಈಗಿನ ಎಂಜಿನ್ ರೋಗವನ್ನು ಮುಚ್ಚಿಡುತ್ತದೆ. ಗಾಳಿ ಹೆಚ್ಚಾದರೆ ಕಂಪ್ಯೂಟರ್ ಸದ್ದಿಲ್ಲದೆ ಪೆಟ್ರೋಲ್ ಹೆಚ್ಚು ಮಾಡುತ್ತದೆ. ಓಡಿಸುವವನಿಗೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಅದು ಎಷ್ಟು ಮುಚ್ಚಿಡುತ್ತಿದೆ ಎಂಬ ಲೆಕ್ಕವೇ ಫ್ಯುಯೆಲ್ ಟ್ರಿಮ್. ಆ ಲೆಕ್ಕವನ್ನು ಯಾರು ಬರೆಯುತ್ತಾರೆ, ಏನನ್ನು ನೋಡಿ ಬರೆಯುತ್ತಾರೆ ಎಂಬುದು ಗೊತ್ತಿಲ್ಲದೆ ಅಂಕಿ ಓದಿದರೆ ಪ್ರಯೋಜನವಿಲ್ಲ.

ನಮ್ಮ ರಾಜೇಂದ್ರ ಗಂಜ್ ನೀನು ನೋಡಿದ್ದೀಯಲ್ಲ. ಒಂದು ಗಂಜ್ ಹೀಗಿದೆ ಎಂದುಕೋ: ಮುಂದಿನ ಗೇಟಿನಲ್ಲಿ ಒಬ್ಬ ಗುಮಾಸ್ತ ಕೂತು ಒಳಗೆ ಬರುವ ಹತ್ತಿ ಗಾಡಿಗಳನ್ನು ಎಣಿಸಿ, ಅಷ್ಟಕ್ಕೆ ಬೇಕಾದ ಹಮಾಲರನ್ನು ಕಳಿಸುತ್ತಾನೆ. ಹೊರಗೆ ಹೋಗುವ ಬಾಗಿಲಲ್ಲಿ ಇನ್ನೊಬ್ಬ ಕೂತು, ಇಳಿಸದೆ ಉಳಿದ ಮಾಲು ಇದೆಯೇ ಎಂದು ನೋಡಿ ಮೊದಲಿನವನಿಗೆ ಕೂಗಿ ಹೇಳುತ್ತಾನೆ. ಗಾಡಿಗಳೆಂದರೆ ಗಾಳಿ, ಹಮಾಲರೆಂದರೆ ಪೆಟ್ರೋಲ್. ಮುಂದಿನ ಗುಮಾಸ್ತ ಗಾಳಿ ಅಳೆಯುವ ಸೆನ್ಸರ್. ಹಿಂದಿನವನು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಸೇರಿದರೆ ಎರಡೂ ಪೂರ್ತಿ ಉರಿದು ಲೆಕ್ಕ ಸರಿಹೋಗುತ್ತದೆ. ಬಾಷ್ ಕಂಪನಿ ಮಾಡಿದ ಈ ಆಕ್ಸಿಜನ್ ಸೆನ್ಸರ್ 1976ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲು ಬಂತು. ನಮ್ಮಲ್ಲಿ 2013ರಿಂದ ಬಿಎಸ್4 ಕಾರುಗಳಿಗೆ ಸ್ಕ್ಯಾನರಿಗೆ ಅಂಕಿ ಕೊಡುವ ಓಬಿಡಿ-2 ಕಡ್ಡಾಯವಾಗಿ, 2017ರ ಏಪ್ರಿಲ್ 1ರಿಂದ ಬಿಎಸ್4 ಇಡೀ ದೇಶಕ್ಕೆ ಬಂದ ಮೇಲೆ, ಈ ಗುಮಾಸ್ತರ ವಹಿ ಓದುವ ಭಾಗ್ಯ ನಮ್ಮಂಥ ತಾಲೂಕು ಮಿಸ್ತ್ರಿಗಳಿಗೂ ಸಿಕ್ಕಿತು.

ಈಗ ಗಂಜ್‌ನ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ ಬಿದ್ದಿದೆ. ಅಲ್ಲಿಂದ ಎರಡು ಗಾಡಿ ಲೆಕ್ಕಕ್ಕೆ ಸಿಗದೆ ಒಳಗೆ ನುಗ್ಗುತ್ತವೆ. ಗೇಟಿನವನಿಗೆ ಗೊತ್ತಿಲ್ಲ, ಅವನು ಕಳಿಸಿದ ಹಮಾಲರು ಸಾಲುವುದಿಲ್ಲ, ಮಾಲು ಉಳಿಯುತ್ತದೆ. ಹಿಂದಿನವನು "ಸಾಲವಲ್ದು, ಇನ್ನಷ್ಟು ಕಳಿಸು" ಎಂದು ಕೂಗುತ್ತಾನೆ. ಆ ಕೂಗೇ ಪ್ಲಸ್ ಟ್ರಿಮ್. ಕ್ಷಣಕ್ಷಣಕ್ಕೂ ಕೂಗುವುದು ಶಾರ್ಟ್ ಟರ್ಮ್. ದಿನಾ ಕೂಗಿ ಸಾಕಾಗಿ ವಹಿಯಲ್ಲಿ ಕಾಯಂ ಆಗಿ ಬರೆದಿಟ್ಟುಕೊಂಡದ್ದು ಲಾಂಗ್ ಟರ್ಮ್. ವಹಿಯಲ್ಲಿ ಬರೆಯುವುದಕ್ಕೂ ಒಂದು ಮಿತಿ ಇದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆಯಾದರೂ ನೂರಕ್ಕೆ ಪ್ಲಸ್ 25ರ ಆಸುಪಾಸು ಅದು ಸೋಲೊಪ್ಪಿ ಚೆಕ್ ಲೈಟ್ ಹಚ್ಚುತ್ತದೆ, ಪಿ0171 ಎಂಬ ಕೋಡ್ ಬರುತ್ತದೆ.

ಆ ಕೋಡ್ ಹೇಳುವುದು 'ಲೀನ್' ಎಂದಷ್ಟೇ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲ. ಗಾಳಿ ಹೆಚ್ಚಾಯಿತೋ ಪೆಟ್ರೋಲ್ ಕಡಿಮೆಯಾಯಿತೋ ಅದಕ್ಕೂ ಗೊತ್ತಿಲ್ಲ. ಪೊಲೀಸ್ ಠಾಣೆಗೆ ಬಂದ ದೂರಿನ ಹಾಗೆ ಅದು. ದೂರು ಬಂದ ತಕ್ಷಣ ಯಾರನ್ನೂ ಜೈಲಿಗೆ ಹಾಕುವುದಿಲ್ಲವಲ್ಲ.

ವಿಚಾರಣೆ ಎಲ್ಲಿ ಶುರು ಮಾಡಬೇಕು ಎಂದರೆ ಗಾಡಿಗಳ ಸಂಖ್ಯೆಯಲ್ಲಿ. ಆಷಾಢದ ಖಾಲಿ ದಿನ ಗೇಟಿನಲ್ಲಿ ಎಂಟು ಗಾಡಿ ಬಂದರೆ ಕಿಂಡಿಯಿಂದ ನುಗ್ಗಿದ ಎರಡು ಗಾಡಿ ದೊಡ್ಡ ಮಾತು. ಸುಗ್ಗಿಯಲ್ಲಿ ಇನ್ನೂರು ಬಂದ ದಿನ ಆ ಎರಡನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಎಂಜಿನ್ನಿನಲ್ಲೂ ಹಾಗೇ. ಸಣ್ಣ ಕಾರು ಸ್ಲೋದಲ್ಲಿ ಸೆಕೆಂಡಿಗೆ ಸುಮಾರು 2 ಗ್ರಾಂ ಗಾಳಿಯನ್ನು ಗೇಟಿನಿಂದ ಎಳೆಯುತ್ತಿದೆ, ಸೀಳಿದ ಪೈಪಿನಿಂದ ಅರ್ಧ ಗ್ರಾಂ ನುಗ್ಗುತ್ತಿದೆ ಎಂದಿಟ್ಟುಕೋ. ನೂರಕ್ಕೆ 25 ವ್ಯತ್ಯಾಸ. ನಿಂತಲ್ಲೇ ರೇಸ್ ಕೊಟ್ಟು 2,500ಕ್ಕೆ ಹಿಡಿದರೆ ಗೇಟಿನಿಂದ 8 ಗ್ರಾಂ ಬರುತ್ತದೆ. ತೂತು ಅಷ್ಟೇ ಇದೆ, ವ್ಯಾಕ್ಯೂಮ್ ಹೆಚ್ಚು ಕಡಿಮೆ ಅಷ್ಟೇ ಇದೆ, ಆದ್ದರಿಂದ ಸೋರುವುದೂ ಅದೇ ಅರ್ಧ ಗ್ರಾಂ. ಈಗ ವ್ಯತ್ಯಾಸ ನೂರಕ್ಕೆ 6. ಸ್ಲೋದಲ್ಲಿ ಪ್ಲಸ್ 25, ರೇಸಿನಲ್ಲಿ ಪ್ಲಸ್ 6: ಹೀಗೆ ಇಳಿದರೆ ಗಾಳಿ ಸೋರಿಕೆಯ ಮೇಲೆ ಅನುಮಾನ ಪಡು.

ಇದರ ಉಲ್ಟಾ ಕಂಡರೆ, ಅಂದರೆ ಸ್ಲೋದಲ್ಲಿ ಪ್ಲಸ್ 3 ಇದ್ದು ಲೋಡ್ ಬಿದ್ದಾಗ ಪ್ಲಸ್ 20ಕ್ಕೆ ಏರಿದರೆ, ಪೈಪು ಹುಡುಕಬೇಡ. ಪೆಟ್ರೋಲ್ ಪಂಪ್ ಸೋತಿರುತ್ತದೆ, ಫಿಲ್ಟರ್ ಕಟ್ಟಿರುತ್ತದೆ, ಇಲ್ಲವೇ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಕೊಳೆ ಹತ್ತಿರುತ್ತದೆ. ಶಕ್ತಿನಗರದ ಕಡೆ ಹಾರುಬೂದಿಯಲ್ಲಿ ಓಡಾಡುವ, ಗಂಜ್‌ನಲ್ಲಿ ಹತ್ತಿಯ ಎಳೆ ನಡುವೆ ನಿಲ್ಲುವ ಗಾಡಿಗಳಲ್ಲಿ ಏರ್ ಫಿಲ್ಟರ್ ಸರಿಯಾಗಿ ಕೂತಿಲ್ಲದಿದ್ದರೆ ಇದು ಆಗಿಯೇ ತೀರುತ್ತದೆ. ಎರಡೂ ಕಡೆ ಒಂದೇ ಸಮ ಪ್ಲಸ್ ಇದ್ದರೆ ಪೆಟ್ರೋಲ್ ಒತ್ತಡ ನೋಡು, ಪೆಟ್ರೋಲನ್ನೂ ನೋಡು.

ಪೆಟ್ರೋಲನ್ನು ನೋಡು ಎಂದೆನಲ್ಲ, ಅದಕ್ಕೂ ಕಾರಣವಿದೆ. ಈಗ ಬಂಕಿನಲ್ಲಿ ಬರುವುದು ಇ20, ನೂರಕ್ಕೆ 20 ಭಾಗ ಎಥೆನಾಲ್. ಅದರ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥೆನಾಲ್ ಉರಿಯುವುದಕ್ಕೆ ಗಾಳಿ ಕಡಿಮೆ ಸಾಕು, ಒಂದಕ್ಕೆ 9. ಹಾಗಾಗಿ ಇ20ಯ ಲೆಕ್ಕ 14.7 ಅಲ್ಲ, ಸುಮಾರು 13.5. ಇ10ಕ್ಕೆಂದು ಹೊಂದಿಸಿದ ಗಾಡಿಗೆ ಇ20 ಹಾಕಿದರೆ ಯಾವ ತೂತೂ ಇಲ್ಲದೆ ಟ್ರಿಮ್ ನೂರಕ್ಕೆ ನಾಲ್ಕರಷ್ಟು ಮೇಲೇರುತ್ತದೆ, ಸ್ಲೋದಲ್ಲೂ ರೇಸಿನಲ್ಲೂ. ಹಳೆಯ ಪುಸ್ತಕದಲ್ಲಿ 'ಐದರೊಳಗೆ ಇರಬೇಕು' ಎಂದು ಓದಿಕೊಂಡು ಪ್ಲಸ್ 6 ಕಂಡ ತಕ್ಷಣ ಬಾನೆಟ್ ಬಿಚ್ಚಿ ಕೂರಬೇಡ. ಐದರೊಳಗೆ ಇದ್ದರೆ ಆರೋಗ್ಯ, ಹತ್ತರೊಳಗೆ ಇದ್ದರೆ ನಿಗಾ, ಹತ್ತು ದಾಟಿದರೆ ಹುಡುಕು. ನಾನು ನಡೆಸಿಕೊಂಡು ಬಂದ ಲೆಕ್ಕ ಇದು.

ಈಗ ನನ್ನ ಕತೆ. ಕೆಲವು ವರ್ಷದ ಹಿಂದೆ ಮಾನ್ವಿಯಿಂದ ಒಬ್ಬ ಮೇಷ್ಟ್ರು ಕಾರು ತಂದರು. ಚೆಕ್ ಲೈಟ್, ಪಿ0171. ಆಗ ಸ್ಕ್ಯಾನರ್ ನನಗೆ ಹೊಸದು. ಕೋಡ್ ಓದಿದೆ, ಅಷ್ಟೇ. ಲೈವ್ ಡೇಟಾ ಎಂಬ ಪುಟ ತೆರೆದೂ ನೋಡಲಿಲ್ಲ, ಅದು ಕಲಿತ ಹುಡುಗರ ಆಟ ಎಂಬ ಭಾವನೆ ನನಗೆ. ಲೀನ್ ಎಂದು ಹೇಳುತ್ತಿರುವವನು ಆಕ್ಸಿಜನ್ ಸೆನ್ಸರ್, ಅಂದಮೇಲೆ ಅವನೇ ಕೆಟ್ಟಿದ್ದಾನೆ ಎಂದು ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ ಕಳಿಸಿದೆ. ಎಂಟು ದಿನಕ್ಕೆ ಮತ್ತೆ ಲೈಟ್. ಪೆಟ್ರೋಲ್ ಪಂಪ್ ಹಾಕಿದೆ. ಹದಿನೈದು ದಿನಕ್ಕೆ ಮತ್ತೆ ಲೈಟ್. ಮೂರನೇ ಸಲ ಮಾನ್ವಿಯಿಂದ ಬಂದ ಮೇಷ್ಟ್ರು ಬೈಯಲಿಲ್ಲ. ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ ಅವರ ಊರಿನ ಜಗನ್ನಾಥದಾಸರ ಕತೆ ಹೇಳಿದರು. ದಾಸರಾಗುವ ಮುಂಚೆ ಅವರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರು ಕರೆಕಳಿಸಿದರೆ, ಹೊಟ್ಟೆನೋವು ಎಂದು ನೆವ ಹೇಳಿ ಹೋಗಲಿಲ್ಲವಂತೆ. ಆ ಹೊಟ್ಟೆನೋವು ನಿಜವಾಗಿಯೇ ಬಂತಂತೆ. ಕೊನೆಗೆ ಗೋಪಾಲದಾಸರ ಬಳಿ ಹೋಗಿ ಗುಣವಾದರಂತೆ. ಮೇಷ್ಟ್ರು ಅಷ್ಟು ಹೇಳಿ ಸುಮ್ಮನಾದರು. ನನಗೆ ಹೇಳಿದರೋ, ಸುಮ್ಮನೆ ಹೊತ್ತು ಕಳೆಯಲು ಹೇಳಿದರೋ ಗೊತ್ತಿಲ್ಲ. ನನಗಂತೂ ನಾಟಿತು.

ಅವತ್ತು ಲೈವ್ ಡೇಟಾ ತೆರೆದೆ. ಸ್ಲೋದಲ್ಲಿ ಲಾಂಗ್ ಟರ್ಮ್ ಪ್ಲಸ್ 21, ಶಾರ್ಟ್ ಟರ್ಮ್ ಪ್ಲಸ್ 2. ರೇಸಿನಲ್ಲಿ ಎರಡೂ ಸೇರಿ 5. ಮೊದಲ ದಿನವೂ ಇದೇ ಇದ್ದಿರಬೇಕು. ಐದು ನಿಮಿಷ ಕೂತು ನೋಡಿದ್ದರೆ ಸಾಕಿತ್ತು. ಥ್ರಾಟಲ್ ಕೆಳಗೆ, ಬಗ್ಗಿ ನೋಡಿದರೂ ಕಾಣದ ತಿರುವಿನಲ್ಲಿ, ಎಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಸಲು ಎಳೆಯುವ ಪಿಸಿವಿ ಪೈಪ್ ಬಿಸಿಗೆ ಕಲ್ಲಾಗಿ ಉದ್ದಕ್ಕೆ ಸೀಳಿತ್ತು. ಒಂದು ಗೇಣಿಗಿಂತ ಸಣ್ಣ ರಬ್ಬರ್ ಪೈಪು. ಸೆನ್ಸರ್ ಮತ್ತು ಪಂಪಿನ ದುಡ್ಡು ವಾಪಸ್ ಕೊಟ್ಟೆ. ಮೇಷ್ಟ್ರು ಬೇಡ ಎಂದರು, ನಾನು ಬಿಡಲಿಲ್ಲ. ಆ ಹಳೆಯ ಪೈಪು ಇವತ್ತಿಗೂ ನನ್ನ ಅಂಗಡಿಯ ಮೊಳೆಗೆ ತೂಗುಹಾಕಿದೆ, ನೀನು ನೋಡಿದ್ದೀಯ.

ಆ ಪೈಪು ಕಲಿಸಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಕೋಡ್ ಅಳಿಸುವ ಮುಂಚೆ ಕಾಗದದ ಮೇಲೆ ಬರೆದುಕೋ. ಅಳಿಸಿದರೆ ಲಾಂಗ್ ಟರ್ಮ್ ವಹಿಯೂ ಅಳಿಸಿಹೋಗುತ್ತದೆ. ಬ್ಯಾಟರಿ ತೆಗೆದರೂ ಬಹಳಷ್ಟು ಗಾಡಿಗಳಲ್ಲಿ ಅಷ್ಟೇ. ಗಿರಾಕಿಯನ್ನು ಕೇಳು: "ಬ್ಯಾಟರಿ ಬಿಚ್ಚಿದ್ರೇನ್ರೀ? ಯಾರರ ಲೈಟ್ ತೆಗದಾರೇನು?" ಹೌದೆಂದರೆ ಸೊನ್ನೆ ಕಂಡದ್ದಕ್ಕೆ ಅರ್ಥವಿಲ್ಲ, ಒಂದೆರಡು ದಿನ ಓಡಿಸಿ ತರಲು ಹೇಳು. ಕೋಡ್ ಜೊತೆ ಫ್ರೀಜ್ ಫ್ರೇಮ್ ಎಂದು ಇರುತ್ತದೆ, ಲೈಟ್ ಹತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ತಿರುಗುತ್ತಿತ್ತು, ಎಷ್ಟು ಲೋಡ್ ಇತ್ತು, ಎಷ್ಟು ಬಿಸಿ ಇತ್ತು ಎಂಬ ಫೋಟೊ ಅದು. 750ರಲ್ಲಿ ಹತ್ತಿದ ಲೈಟಿಗೂ 3,000ದಲ್ಲಿ ಲೋಡ್ ಬಿದ್ದು ಹತ್ತಿದ ಲೈಟಿಗೂ ಕಾರಣ ಬೇರೆ.

ಎಂಜಿನ್ ಪೂರ್ತಿ ಬಿಸಿಯಾಗಲಿ. ತಣ್ಣಗಿದ್ದಾಗ ಕಂಪ್ಯೂಟರ್ ಹಿಂದಿನ ಗುಮಾಸ್ತನ ಮಾತು ಕೇಳುವುದೇ ಇಲ್ಲ. ಸ್ಕ್ಯಾನರಿನಲ್ಲಿ 'ಕ್ಲೋಸ್ಡ್ ಲೂಪ್' ಎಂದು ಬಂದ ಮೇಲೆ, ಎಸಿ ಆಫ್ ಮಾಡಿ ಓದು. ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ: ಮೇ ತಿಂಗಳಲ್ಲಿ ಬಿಸಿಲು 42, 43 ಆಗಿ ಗಾಡಿ ಹೀಟ್ ಆದರೆ ಥರ್ಮೋಸ್ಟಾಟನ್ನೇ ಕಿತ್ತು ಎಸೆಯುವುದು. ನಾನೂ ಎಷ್ಟೋ ಕಿತ್ತಿದ್ದೇನೆ, ಅಂಬಾಸಿಡರ್ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗಿನ ಎಂಜಿನ್ ಬಿಸಿಯಾಗದಿದ್ದರೆ ಚಳಿ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ, ಟ್ರಿಮ್ ಓದಿದರೂ ನಂಬುವಂತಿಲ್ಲ. ಕೂಲಂಟ್ ಅಂಕಿ 80 ದಾಟದೆ ನಿಂತಿದ್ದರೆ ಮೊದಲು ಅದನ್ನು ಸರಿಮಾಡು.

ಶಾರ್ಟ್ ಮತ್ತು ಲಾಂಗ್ ಎರಡನ್ನೂ ಕೂಡಿಸು. ಶಾರ್ಟ್ ಸೊನ್ನೆ ಇದೆ ಎಂದು ಖುಷಿಪಡಬೇಡ, ಲಾಂಗ್ 22 ಇದ್ದೀತು. ಸ್ಲೋದಲ್ಲಿ ಎರಡು ನಿಮಿಷ, 2,500ರಲ್ಲಿ ಒಂದು ನಿಮಿಷ, ಆಮೇಲೆ ಗಬ್ಬೂರಿನ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಲೋಡಿನಲ್ಲಿ ಓಡಿಸಿ ಓದು. ಓಡಿಸುವವನು ನೀನಾದರೆ ಓದುವವನು ಪಕ್ಕದ ಹುಡುಗ. ಎರಡನ್ನೂ ನೀನೇ ಮಾಡಿದರೆ ಹುಡುಕಲು ಹೋದದ್ದು ಗಾಳಿ, ಸಿಗುವುದು ಗುಂಡಿ.

ಹಿಂದಿನ ಗುಮಾಸ್ತನೂ ಮೋಸ ಹೋಗುತ್ತಾನೆ, ನೆನಪಿಡು. ಸೆನ್ಸರಿಗಿಂತ ಮೊದಲು ಸೈಲೆನ್ಸರ್ ಪೈಪ್ ಒಡೆದಿದ್ದರೆ ಹೊರಗಿನ ಗಾಳಿ ಅಲ್ಲಿ ಸೇರುತ್ತದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಇದ್ದರೆ ಉರಿಯದ ಗಾಳಿ ಹಾಗೇ ಹೊರಬರುತ್ತದೆ. ಎರಡರಲ್ಲೂ ಅವನು ಲೀನ್ ಎಂದೇ ಕೂಗುತ್ತಾನೆ. ಮಿಸ್ಸಿಂಗ್ ಇದ್ದ ಗಾಡಿಯಲ್ಲಿ ಮೊದಲು ಪ್ಲಗ್, ಕಾಯಿಲ್ ನೋಡು, ಟ್ರಿಮ್ ಆಮೇಲೆ.

ಈಗ ನಿನ್ನ ದೇವದುರ್ಗದ ಗಾಡಿಗೆ ಬರೋಣ. ಇಲ್ಲಿಯವರೆಗೆ ಹೇಳಿದ ಸ್ಲೋ-ರೇಸ್ ಲೆಕ್ಕ ಗೇಟಿನಲ್ಲಿ ಗುಮಾಸ್ತ ಕೂತ ಗಾಡಿಗಳಿಗೆ, ಅಂದರೆ ಏರ್ ಫಿಲ್ಟರಿಗೂ ಥ್ರಾಟಲಿಗೂ ನಡುವಿನ ಡಕ್ಟಿನಲ್ಲಿ ಮಾಫ್ ಸೆನ್ಸರ್ ಇರುವ ಗಾಡಿಗಳಿಗೆ. ನಮ್ಮ ರಸ್ತೆಯ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅದು ಇಲ್ಲ, ನಿನ್ನ ಬಳಿ ಬಂದದ್ದರಲ್ಲೂ ಇರಲಿಕ್ಕಿಲ್ಲ. ಅಲ್ಲಿ ಥ್ರಾಟಲಿನಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಮೇಲೆ, ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಆ ಗುಮಾಸ್ತ ಗೇಟಿನಲ್ಲಿ ಕೂರುವುದಿಲ್ಲ, ಅಂಗಳದ ನಡುವೆ ನಿಂತು ಒಳಗೆ ಎಷ್ಟು ಮಾಲು ತುಂಬಿದೆ ಎಂದು ನೋಡುತ್ತಾನೆ. ಕಿಂಡಿಯಿಂದ ಬಂದ ಗಾಡಿಯೂ ಅವನ ಲೆಕ್ಕಕ್ಕೆ ಸಿಗುತ್ತದೆ. ಅದಕ್ಕೆ ತಕ್ಕ ಹಮಾಲರನ್ನು ಕಳಿಸುತ್ತಾನೆ. ಲೆಕ್ಕ ಸರಿಹೋಗುತ್ತದೆ, ಟ್ರಿಮ್ ಸೊನ್ನೆಯ ಹತ್ತಿರವೇ ಇರುತ್ತದೆ. ಆದರೆ ಅಂಗಳದಲ್ಲಿ ಜನಜಂಗುಳಿ ಹೆಚ್ಚಾಗುತ್ತದೆ: ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ರೇಸ್. ಕಂಪ್ಯೂಟರ್ ಥ್ರಾಟಲ್ ಮುಚ್ಚಿ ಮುಚ್ಚಿ ಸ್ಲೋಗೆ ತರಲು ನೋಡುತ್ತದೆ. ಪೂರ್ತಿ ಮುಚ್ಚಿದ ಮೇಲೂ ಸೋರಿಕೆಯ ಗಾಳಿ ಎಂಜಿನ್ನನ್ನು ಓಡಿಸುತ್ತಿದ್ದರೆ, 1,300.

ತಿಳಿಯಿತಲ್ಲ? ನಿನ್ನ ಸೊನ್ನೆ ಸುಳ್ಳು ಹೇಳಲಿಲ್ಲ. ಅದು ಗಾಳಿ-ಪೆಟ್ರೋಲ್ ಪ್ರಮಾಣ ಸರಿಯಿದೆ ಎಂದಿತು, ಗಾಳಿ ಎಲ್ಲಿಂದ ಬಂತು ಎಂದು ಹೇಳಲಿಲ್ಲ. ನೀನು ಕೇಳಿದ ಪ್ರಶ್ನೆ ಒಂದು, ಅದು ಕೊಟ್ಟ ಉತ್ತರ ಇನ್ನೊಂದು ಪ್ರಶ್ನೆಯದು.

ಹಾಗಾದರೆ ಮ್ಯಾಪ್ ಗಾಡಿಯಲ್ಲಿ ಏನು ಓದಬೇಕು? ಮೊದಲು ಕಣ್ಣಿನಿಂದ ಡಕ್ಟ್ ನೋಡಿ ಯಾವ ಸೆನ್ಸರ್ ಎಂದು ಖಾತ್ರಿ ಮಾಡಿಕೋ. ಮೊಬೈಲ್ ಆಪ್‌ಗಳು ಮಾಫ್ ಇಲ್ಲದ ಗಾಡಿಗೂ ಗ್ರಾಂ ಲೆಕ್ಕ ತೋರಿಸುತ್ತವೆ, ಅದು ಅವು ತಾವೇ ಗುಣಿಸಿದ್ದು. ಆಮೇಲೆ ಎಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ಮ್ಯಾಪ್ ಓದು. ರಾಯಚೂರು ಸಮುದ್ರಮಟ್ಟದಿಂದ 400 ಮೀಟರ್ ಎತ್ತರದಲ್ಲಿದೆ, ಇಲ್ಲಿ 95ರಿಂದ 97 ಕಿಲೋಪಾಸ್ಕಲ್ ಬರಬೇಕು. ಬಂದರೆ ಸೆನ್ಸರಿನ ತಕ್ಕಡಿ ನೆಟ್ಟಗಿದೆ. ಬಿಸಿ ಎಂಜಿನ್ ಸ್ಲೋದಲ್ಲಿ ಸಾಮಾನ್ಯವಾಗಿ 30ರಿಂದ 40. ಅದರ ಜೊತೆ ಥ್ರಾಟಲ್ ಎಷ್ಟು ತೆರೆದಿದೆ ಎಂದು ನೋಡು. ಅದೇ ಮಾಡೆಲಿನ ಒಳ್ಳೆಯ ಗಾಡಿಗಿಂತ ಥ್ರಾಟಲ್ ಹೆಚ್ಚು ಮುಚ್ಚಿದ್ದೂ ಎಂಜಿನ್ ಜೋರಾಗಿ ಓಡುತ್ತಿದ್ದರೆ ಗಾಳಿ ಇನ್ನೊಂದು ದಾರಿಯಲ್ಲಿ ಬರುತ್ತಿದೆ.

'ಒಳ್ಳೆಯ ಗಾಡಿಗಿಂತ' ಎಂದೆ. ಒಳ್ಳೆಯ ಗಾಡಿಯ ಅಂಕಿ ನಿನಗೆ ಎಲ್ಲಿಂದ ಗೊತ್ತಾಗಬೇಕು? ಅದಕ್ಕೇ ಒಂದು ನೋಟ್‌ಬುಕ್ ಇಡು. ಆಯಿಲ್ ಬದಲಿಸಲು ಬಂದ, ಯಾವ ರೋಗವೂ ಇಲ್ಲದ ಗಾಡಿಗೂ ಎರಡು ನಿಮಿಷ ಸ್ಕ್ಯಾನರ್ ಹಾಕಿ ಟ್ರಿಮ್, ಮ್ಯಾಪ್, ಥ್ರಾಟಲ್ ಬರೆದಿಡು. ಬೇಸಿಗೆಯದು ಬೇರೆ, ಚಳಿಗಾಲದ್ದು ಬೇರೆ. ಒಂದು ವರ್ಷದಲ್ಲಿ ನಿನ್ನ ಬಳಿ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲದ ದೇವದುರ್ಗದ ಲೆಕ್ಕ ಇರುತ್ತದೆ.

ಅನುಮಾನ ಬಂದ ಮೇಲೆ ಸಾಬೀತು ಮಾಡಬೇಕು. ಸುಲಭದ ದಾರಿ ಒತ್ತಿ ನೋಡುವುದು. ಮ್ಯಾನಿಫೋಲ್ಡಿಗೆ ಬಂದು ಸೇರುವ ಪೈಪುಗಳನ್ನು ಒಂದೊಂದಾಗಿ, ಹಲ್ಲಿಗೆ ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಹಿಡಿ: ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್, ಪೆಟ್ರೋಲ್ ಆವಿ ಎಳೆಯುವ ಪರ್ಜ್ ವಾಲ್ವ್ ಪೈಪ್. ಒತ್ತಿದ ಕ್ಷಣ ಮಾಫ್ ಗಾಡಿಯಲ್ಲಿ ಶಾರ್ಟ್ ಟರ್ಮ್ ಇಳಿದರೆ, ಮ್ಯಾಪ್ ಗಾಡಿಯಲ್ಲಿ ರೇಸ್ ಇಳಿದರೆ, ಕಳ್ಳ ಆ ಗಲ್ಲಿಯಲ್ಲಿದ್ದಾನೆ. ಹಳೆಯ ಪ್ಲಾಸ್ಟಿಕ್ ಪೈಪನ್ನು ಒತ್ತಬೇಡ, ಮುರಿದುಕೊಂಡರೆ ಹೊಸ ಕೆಲಸ. ಅದನ್ನು ಬಿಚ್ಚಿ ಬಾಯಿಗೆ ಮುಚ್ಚಳ ಹಾಕಿ ನೋಡು. ಬೂಸ್ಟರ್ ಒಳಗಿನ ಪರದೆ ಹರಿದಿದ್ದರೆ ಬ್ರೇಕ್ ಒತ್ತಿದಾಗ ಕಾಲ ಬಳಿ 'ಸ್ಸ್' ಎಂಬ ಸದ್ದು ಬರುತ್ತದೆ, ಅದನ್ನು ನಾಳೆಗೆ ಬಿಡಬೇಡ, ಅದು ಬ್ರೇಕು.

ಪರ್ಜ್ ವಾಲ್ವ್ ತೆರೆದೇ ನಿಂತರೆ ತಮಾಷೆ ನೋಡು. ಮಧ್ಯಾಹ್ನದ ಬಿಸಿಲಿಗೆ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ಅದನ್ನೂ ಎಳೆದುಕೊಂಡು ಟ್ರಿಮ್ ಮೈನಸ್ಸಿಗೆ ಹೋಗಬಹುದು. ಬೆಳಗಿನ ತಂಪಿನಲ್ಲಿ ಅದೇ ಗಾಡಿ ಪ್ಲಸ್ ತೋರಿಸಬಹುದು. ಒಂದೇ ಗಾಡಿ ಎರಡು ಮಾತಾಡಿದರೆ ಅಲ್ಲಿ ಕೈ ಇಡು.

ಒತ್ತಿ ನೋಡಿದರೂ ಸಿಗದಿದ್ದರೆ ಮ್ಯಾನಿಫೋಲ್ಡ್ ಪ್ಯಾಕಿಂಗ್, ಇಂಜೆಕ್ಟರಿನ ಓ-ರಿಂಗ್. ಅದಕ್ಕೆ ಹೊಗೆ ಬೇಕು. ಎಂಜಿನ್ ಆಫ್ ಮಾಡಿ, ತೀರಾ ಕಡಿಮೆ ಒತ್ತಡದಲ್ಲಿ ಸ್ಮೋಕ್ ಮಷಿನ್ನಿನ ಹೊಗೆ ತುಂಬಿದರೆ ತೂತಿನಿಂದ ಎಳೆ ಎಳೆಯಾಗಿ ಹೊರಬರುತ್ತದೆ. ಟೈರಿಗೆ ಹೊಡೆಯುವ ಗಾಳಿಯನ್ನು ನೇರವಾಗಿ ಬಿಡಬೇಡ, ಸರಿಯಿದ್ದ ಸೀಲನ್ನೂ ಕಿತ್ತುಬಿಡುತ್ತದೆ. ಕೆಲವರು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮಾಡಿ ಹುಡುಕುತ್ತಾರೆ. ತೂತಿಗೆ ಬಿದ್ದರೆ ಟ್ರಿಮ್ ಇಳಿಯುವುದು ನಿಜ, ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಗಾಡಿ ಹೊತ್ತುವುದೂ ನಿಜ. ನಾನು ಅದನ್ನು ಬಿಟ್ಟು ಬಹಳ ವರ್ಷವಾಯಿತು. ನೀನು ಶುರು ಮಾಡಲೇಬೇಡ.

ನಮ್ಮ ಸೀಮೆಯಲ್ಲಿ ಇನ್ನೊಬ್ಬ ಕಳ್ಳ ಇದ್ದಾನೆ, ಇಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಮಾನ್ವಿಯ ಕಡೆ ಭತ್ತ ಬೆಳೆಯುತ್ತದೆ, ನಿನ್ನ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು. ಸುಗ್ಗಿ ಮುಗಿದು ಮನೆಯಂಗಳದಲ್ಲಿ ಚೀಲ ಬಿದ್ದ ಮೇಲೆ ಪಕ್ಕದಲ್ಲಿ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುತ್ತದೆ. ರಬ್ಬರ್ ಪೈಪು, ವೈರಿಂಗ್ ಎರಡೂ ಅದಕ್ಕೆ ರುಚಿ. ಆ ದಿನಗಳಲ್ಲಿ ಸ್ಕ್ಯಾನರಿಗಿಂತ ಮುಂಚೆ ಟಾರ್ಚ್ ಹಿಡಿ. ಹಿಕ್ಕೆ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಬಿಎಸ್6 ಬೈಕುಗಳಲ್ಲೂ ಈಗ ಇಂಜೆಕ್ಷನ್ ಬಂದಿದೆ, ಆಕ್ಸಿಜನ್ ಸೆನ್ಸರ್ ಇದೆ. ಎಂಜಿನ್ನಿಗೆ ಗಾಳಿ ಕೊಡುವ ರಬ್ಬರ್ ಬೆಂಡ್ ಬಿರುಕು ಬಿಟ್ಟರೆ ಇದೇ ರೋಗ. ಡೀಸೆಲ್ ಗಾಡಿಗಳಿಗೆ ಮಾತ್ರ ಈ ಟ್ರಿಮ್ ವಿದ್ಯೆ ನಡೆಯುವುದಿಲ್ಲ, ಅವುಗಳ ಲೆಕ್ಕವೇ ಬೇರೆ.

ಕೊನೆಗೆ ಬಿಲ್ಲಿನ ಮಾತು. ಹುಡುಕಿದ್ದಕ್ಕೆ ಕೂಲಿ ತೆಗೆದುಕೋ, ನಾಚಬೇಡ. ಒಂದು ಗಂಟೆ ಕೂತು ಅಂಕಿ ಓದಿ ಸಣ್ಣ ಪೈಪು ಹಾಕಿದ್ದಕ್ಕೆ ತಕ್ಕ ಕೂಲಿ ಕೇಳಿದರೆ ಅದು ನ್ಯಾಯ. ಗಂಟೆ ಓದುವುದು ಬಿಟ್ಟು ಸೆನ್ಸರ್ ಮಾರಿ ಕಮಿಷನ್ ತಿನ್ನುವುದು ನ್ಯಾಯವಲ್ಲ. ಬಿಲ್ಲಿನ ಹಿಂದೆ ಎರಡು ಸಾಲು ಬರೆದುಕೊಡು: ಬಂದಾಗ ಅಂಕಿ ಇಷ್ಟು, ಹೋಗುವಾಗ ಇಷ್ಟು. ಗಿರಾಕಿಗೆ ಟ್ರಿಮ್ ಎಂದರೆ ಗೊತ್ತಿಲ್ಲದಿದ್ದರೂ 23 ಇದ್ದದ್ದು 4 ಆಯಿತು ಎಂಬುದು ಗೊತ್ತಾಗುತ್ತದೆ. ಅಂಕಿ ಬದಲಾಗದಿದ್ದರೆ ನೀನು ಹಾಕಿದ ಸಾಮಾನು ತಪ್ಪು, ಬಿಚ್ಚಿ ವಾಪಸ್ ಇಡು, ದುಡ್ಡು ತೆಗೆದುಕೊಳ್ಳಬೇಡ.

ನಾಳೆ ಬೆಳಿಗ್ಗೆ ಆ ಗಾಡಿಯ ಎಂಜಿನ್ ಬಿಸಿ ಮಾಡು. ಡಕ್ಟ್ ನೋಡು, ಕೀ ಆನ್ ಮಾಡಿ ಮ್ಯಾಪ್ ಬರೆದುಕೋ, ಆಮೇಲೆ ಪೈಪುಗಳನ್ನು ಒಂದೊಂದಾಗಿ ಒತ್ತು, ಬೂಸ್ಟರ್ ಪೈಪಿನಿಂದ ಶುರು ಮಾಡು. ಯಾವುದನ್ನು ಒತ್ತಿದಾಗ ರೇಸ್ ಇಳಿಯಿತು, ಎಷ್ಟಕ್ಕೆ ಇಳಿಯಿತು ಎಂದು ಬರೆದುಕೊಂಡು ನನಗೆ ಫೋನ್ ಮಾಡು. ಪೈಪು ಬೇಕಾದರೆ ಮಧ್ಯಾಹ್ನದ ಬಸ್ಸಿಗೆ ಇಲ್ಲಿಂದ ಕಳಿಸುತ್ತೇನೆ. ಅಲ್ಲಿಯವರೆಗೆ ಥ್ರಾಟಲ್ ಬಾಡಿ ತರಿಸಬೇಡ.

ನಿನ್ನ ಮಾಮ